16 ವರ್ಷಗಳ ನಂತರ ಕೇಳಿದ ಎರಡು ದನಿಗಳು

2024ರ ನವೆಂಬರ್‌ನಲ್ಲಿ ಮೂರು ವಾರಗಳ ಅಂತರದಲ್ಲಿ ಎರಡು ಆಲ್ಬಂಗಳು ಬಂದವು. 1ರಂದು ‘ದ ಕ್ಯೂರ್’ ತಂಡದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’, 22ರಂದು ‘ಓಪೆಥ್’ ತಂಡದ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’. ಒಂದು ರಾಕ್, ಇನ್ನೊಂದು ಮೆಟಲ್. ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಎರಡಕ್ಕೂ 2008ರ ನಂಟಿದೆ. ದ ಕ್ಯೂರ್ ಹಿಂದಿನ ಆಲ್ಬಂ ತಂದದ್ದು ಆ ವರ್ಷ. ಓಪೆಥ್ ಈ ನಡುವೆ ನಾಲ್ಕು ಆಲ್ಬಂಗಳನ್ನು ತಂದಿತ್ತಾದರೂ, ಅದರ ಗಾಯಕ ಮಿಕೇಲ್ ಓಕರ್‌ಫೆಲ್ಟ್ ಅವರ ಗ್ರೌಲ್ (ಗಂಟಲಾಳದಿಂದ ಗುಡುಗುವಂತೆ ಹಾಡುವ ದನಿ) ಸ್ಟುಡಿಯೊ ಆಲ್ಬಂ ಒಂದರಲ್ಲಿ ಕೊನೆಯ ಬಾರಿ ಕೇಳಿಸಿದ್ದು ಅದೇ 2008ರ ‘ವಾಟರ್‌ಶೆಡ್’ನಲ್ಲಿ. ಡಿಸೆಂಬರ್ ತಿಂಗಳಿಡೀ ಇವೆರಡನ್ನೇ ಮತ್ತೆ ಮತ್ತೆ ಕೇಳಿದ ಮೇಲೆ, ಹಾಡಿನಲ್ಲಿ ಮನುಷ್ಯನ ಕಂಠಕ್ಕೆ ಇರುವ ಕೆಲಸವೇನು ಎಂಬ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಓಪೆಥ್ ಆಲ್ಬಂ ಒಂದು ಉಯಿಲಿನ ಕಥೆ. ಮೊದಲ ಮಹಾಯುದ್ಧ ಮುಗಿದ ಕಾಲ. ಸಿರಿವಂತ ಯಜಮಾನನೊಬ್ಬ ತೀರಿಕೊಂಡಿದ್ದಾನೆ. ಉಯಿಲು ಓದಿಸಿ ಕೇಳಲು ಮಕ್ಕಳು ಸೇರಿದ್ದಾರೆ. ಓದು ಮುಂದುವರಿದಂತೆ ಮನೆತನದ ಗುಟ್ಟುಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲ ಏಳು ಹಾಡುಗಳಿಗೆ ಹೆಸರೇ ಇಲ್ಲ, ಕಾನೂನು ಪತ್ರಗಳಲ್ಲಿ ಬಳಸುವ ಪರಿಚ್ಛೇದದ ಚಿಹ್ನೆ ಮತ್ತು ಅಂಕಿ ಮಾತ್ರ ಇವೆ. ಎಂಟನೆಯದಕ್ಕಷ್ಟೇ ಹೆಸರು. ಆಸ್ತಿಯ ಪಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ಹತ್ತಿರದಿಂದ ಕಂಡಿರುವ ನಮಗೆ, ಸ್ವೀಡನ್ನಿನ ತಂಡವೊಂದು ಹೇಳುತ್ತಿರುವ ಕಥೆ ಇದು ಎನ್ನಿಸುವುದೇ ಇಲ್ಲ. ಬ್ರಿಟನ್ನಿನ ರಾಕ್ ತಂಡ ‘ಜೆಥ್ರೋ ಟಲ್’ನ ಇಯಾನ್ ಆ್ಯಂಡರ್ಸನ್ ಇದರಲ್ಲಿ ಕೊಳಲು ನುಡಿಸಿದ್ದಾರೆ, ಉಯಿಲಿನ ಮಾತುಗಳನ್ನು ಓದಿಯೂ ಇದ್ದಾರೆ. ಅವರ ಓದು ಎಷ್ಟು ತಣ್ಣಗಿದೆಯೆಂದರೆ, ಅದರ ಬೆನ್ನಿಗೇ ಬರುವ ಗ್ರೌಲ್ ಎದೆಗೆ ಬಡಿಯುತ್ತದೆ.

ಹೋದ ವಾರ ಊರಿನಿಂದ ಬಂದಿದ್ದ ನನ್ನ ಸೋದರಮಾವ ಇದನ್ನು ಕೇಳಿಸಿಕೊಂಡರು. ದಕ್ಷಿಣ ಕನ್ನಡದವರು, ಬೆಳಗಿನವರೆಗೂ ಕುಳಿತು ಯಕ್ಷಗಾನ ನೋಡುವವರು. ಇಂಗ್ಲಿಷ್ ಹಾಡುಗಳ ಪರಿಚಯ ಅವರಿಗಿಲ್ಲ. ಎರಡನೆಯ ಹಾಡಿನಲ್ಲಿ ಗ್ರೌಲ್ ಎದ್ದಾಗ ಕೈಯಲ್ಲಿದ್ದ ಪೇಪರ್ ಮಡಚಿಟ್ಟು, “ಇದು ಬಣ್ಣದ ವೇಷದ ಆರ್ಭಟ ಅಲ್ವಾ ಮಾರಾಯ?” ಎಂದರು. ಸ್ವಲ್ಪ ಹೊತ್ತು ಕೇಳಿ, “ಇವನು ಸಿಟ್ಟಿನಲ್ಲಿ ಕಿರುಚುವುದಲ್ಲ, ಪಾತ್ರ ಮಾಡುವುದು” ಎಂದೂ ಸೇರಿಸಿದರು. ಇಷ್ಟು ವರ್ಷ ಗ್ರೌಲನ್ನು ಕೋಪದ ಭಾಷೆ ಎಂದೇ ತಿಳಿದು ಮೆಚ್ಚಿಕೊಂಡಿದ್ದ ನನಗೆ ಆ ಮಾತು ನೇರವಾಗಿ ತಾಗಿತು. ಯಕ್ಷಗಾನದ ಬಣ್ಣದ ವೇಷ, ಅಂದರೆ ರಕ್ಕಸನ ವೇಷ, ರಂಗಕ್ಕೆ ಬರುವ ಮೊದಲೇ ಮರೆಯಲ್ಲಿ ಅವನ ಅಬ್ಬರ ಕೇಳುತ್ತದೆ. ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಆ ವೇಷಧಾರಿ ಅತ್ಯಂತ ಮೆದು ಮಾತಿನ ಮನುಷ್ಯನಾಗಿರಬಹುದು. ಗ್ರೌಲ್ ಕೂಡ ಅಷ್ಟೇ ಕಲಿತ ವಿದ್ಯೆ. ಸ್ವರತಂತುಗಳ ಮೇಲಿರುವ ಮಡಿಕೆಗಳನ್ನು ಉಸಿರಿನ ಬಲದಿಂದ ಕಂಪಿಸಿ ಹೊರಡಿಸುವ ದನಿ ಅದು. ಬರೀ ಗಂಟಲು ಹರಿದುಕೊಂಡರೆ ಒಂದು ಹಾಡು ಮುಗಿಯುವಷ್ಟರಲ್ಲಿ ಕಂಠ ಕೂತುಬಿಡುತ್ತದೆ. ಈ ಆಲ್ಬಂನಲ್ಲಿ ಗ್ರೌಲ್ ಸತ್ತವನ ದನಿಯಾಗಿಯೇ ನನಗೆ ಕೇಳಿಸುತ್ತದೆ. ಮಣ್ಣಾದ ಮೇಲೂ ಮನೆಯ ಮೇಲಿನ ಹಿಡಿತ ಬಿಡದ ತಂದೆಯೊಬ್ಬನಿಗೆ ಬೇರೆ ಯಾವ ದನಿಯೂ ಒಪ್ಪುತ್ತಿರಲಿಲ್ಲ.

ಆಕ್ಷೇಪವೂ ಒಂದಿದೆ. ನಡುವಿನ ಹಾಡುಗಳಲ್ಲಿ ಲಯ ಎಷ್ಟು ಬೇಗ ಬೇಗ ಬದಲಾಗುತ್ತದೆಂದರೆ, ಒಂದು ಒಳ್ಳೆಯ ರಿಫ್ (ಮರಳಿ ಮರಳಿ ಬರುವ ಗಿಟಾರ್ ನುಡಿ) ಮನಸ್ಸಿನಲ್ಲಿ ಕೂರುವ ಮೊದಲೇ ಇನ್ನೊಂದು ಅದನ್ನು ತಳ್ಳಿಬಿಡುತ್ತದೆ. ನಾಲ್ಕನೆಯ ಹಾಡಿನ ಕೊಳಲು ಇನ್ನೊಂದು ನಿಮಿಷ ಇರಬೇಕಿತ್ತು ಎಂದು ಪ್ರತಿ ಸಲವೂ ಅನ್ನಿಸಿದೆ.

ದ ಕ್ಯೂರ್ ಮಾಡಿರುವುದು ಇದಕ್ಕೆ ತದ್ವಿರುದ್ಧ. ಮೊದಲ ಹಾಡು ‘ಅಲೋನ್’ ಆರಂಭವಾಗಿ ಮೂರು ನಿಮಿಷ ದಾಟುವವರೆಗೆ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದಿಲ್ಲ. ಕೊನೆಯ ‘ಎಂಡ್‌ಸಾಂಗ್’ ಹತ್ತು ನಿಮಿಷಕ್ಕೂ ಮಿಕ್ಕಿದ್ದು, ಅದರಲ್ಲಿ ಆರು ನಿಮಿಷ ವಾದ್ಯಗಳದ್ದೇ ಮಾತು. ಇದನ್ನು ‘ಎಳೆದಿದ್ದಾರೆ’ ಎಂದು ಗೆಳೆಯರೊಬ್ಬರು ಜರೆದರು, ನಾನು ಒಪ್ಪುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿ ಕಛೇರಿಗೆ ಕುಳಿತವರು, ಕೃತಿ ಯಾವಾಗ ಶುರುವಾಗುತ್ತದೆ ಎಂದು ಆಲಾಪನೆಯ ನಡುವೆ ಗಡಿಯಾರ ನೋಡುವುದಿಲ್ಲವಲ್ಲ. ಡ್ರಮ್ಸ್ ಒಂದೇ ನಡೆಯಲ್ಲಿ ಭಾರವಾಗಿ ಸಾಗುತ್ತಿರುವಾಗ ಅದರ ಮೇಲೆ ಕೀಬೋರ್ಡ್ ಹಬ್ಬಿ, ಶೋಕದ ಮನೆಯೊಂದು ಸಿದ್ಧವಾದ ನಂತರವೇ ಹಾಡುಗಾರ ಒಳಗೆ ಕಾಲಿಡುತ್ತಾರೆ. ಸ್ಮಿತ್ ಈ ವರ್ಷಗಳಲ್ಲಿ ತಮ್ಮ ಅಣ್ಣನನ್ನು ಕಳೆದುಕೊಂಡವರು, ಅವರಿಗಾಗಿಯೇ ಬರೆದ ಹಾಡು ಇದರಲ್ಲಿದೆ. ಅಷ್ಟಾಗಿಯೂ ಎಲ್ಲಿಯೂ ಅಳು ಹಿಗ್ಗಿಸಿಲ್ಲ. ವಯಸ್ಸಾದ ಆ ದನಿ ನಲವತ್ತು ವರ್ಷಗಳ ಹಿಂದಿನ ಸ್ಥಾಯಿಯಲ್ಲಿಯೇ ನಿಂತು ಹಾಡುವುದನ್ನು ಕೇಳಿ ನನಗೆ ಕಣ್ಣು ತುಂಬಿತು.

ವರ್ಷದ ಉಳಿದ ಆಲ್ಬಂಗಳಲ್ಲಿ, ಅಕ್ಟೋಬರ್‌ನಲ್ಲಿ ಬಂದ ‘ಬ್ಲಡ್ ಇನ್‌ಕ್ಯಾಂಟೇಶನ್’ ತಂಡದ ‘ಆ್ಯಬ್ಸಲ್ಯೂಟ್ ಎಲ್ಸ್‌ವೇರ್’ ಬಗ್ಗೆ ಹೇಳಲೇಬೇಕು. ಎರಡೇ ದೀರ್ಘ ರಚನೆಗಳು, ಒಂದೊಂದಕ್ಕೂ ಮೂರು ಭಾಗಗಳು. ಡೆತ್ ಮೆಟಲ್ ಹಠಾತ್ತನೆ ಕರಗಿ ಸಿಂಥಸೈಸರ್‌ನ ನಿರಾಳಕ್ಕೆ ಇಳಿಯುವ ಜಾಗಗಳಲ್ಲಿ ಬೆಸುಗೆ ಕಾಣುವುದೇ ಇಲ್ಲ. ಮಾರ್ಚ್‌ನಲ್ಲಿ ಬಂದ ‘ಜೂಡಸ್ ಪ್ರೀಸ್ಟ್’ ತಂಡದ ‘ಇನ್ವಿನ್ಸಿಬಲ್ ಶೀಲ್ಡ್’ನಲ್ಲಿ, ಆಗ 72ರಲ್ಲಿದ್ದ ಗಾಯಕ ರಾಬ್ ಹ್ಯಾಲ್‌ಫರ್ಡ್ ತಾರಸ್ಥಾಯಿಗೆ ಏರುವುದನ್ನು ಕೇಳಿ ಸಂತೋಷವಾಯಿತು, ಆಲ್ಬಂ ಮಾತ್ರ ಎರಡು ಹಾಡುಗಳಷ್ಟು ಹೆಚ್ಚೇ ಉದ್ದವಾಯಿತು.

ನಮ್ಮ ಬೆಂಗಳೂರಿನ ‘ಕ್ರಿಪ್ಟೋಸ್’ ತಂಡದ ‘ಡೆಸಿಮೇಟರ್’ ಜುಲೈನಲ್ಲಿ ಬಂತು. 1998ರಲ್ಲಿ ಹುಟ್ಟಿದ ತಂಡವಿದು. ಅವಳಿ ಗಿಟಾರ್‌ಗಳು ಕೈ ಹಿಡಿದು ಓಡುವ ಎಂಬತ್ತರ ದಶಕದ ಹೆವಿ ಮೆಟಲ್ಲನ್ನು ಇಷ್ಟು ನಿಷ್ಠೆಯಿಂದ ನುಡಿಸುವವರು ಕಡಿಮೆ. ಹೊಸದೇನಿದೆ ಎಂದು ಕೇಳಿದವರಿಗೆ, ಒಂದು ಶೈಲಿಯನ್ನು ಬಿಡದೆ ಉಜ್ಜಿ ಉಜ್ಜಿ ಹೊಳಪಿಗೆ ತಂದಿದ್ದಾರೆ ಎನ್ನುವೆ. ಈ ಊರಿನಲ್ಲಿ ಇವರ ಸಿ.ಡಿ. ಹುಡುಕಿಕೊಂಡು ಮೂರು ಅಂಗಡಿ ಅಲೆದು ಬರಿಗೈಯಲ್ಲಿ ಮರಳಿದ್ದು ಮಾತ್ರ ನನಗೆ ನಿಜಕ್ಕೂ ನೋವಿನ ಸಂಗತಿ.

ಕಳೆದ ಭಾನುವಾರ ಓಪೆಥ್ ಆಲ್ಬಂ ಪೂರ್ತಿ ಕೇಳಲೆಂದೇ ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತಿ, 2024ರ ನವೆಂಬರ್‌ನಲ್ಲಿ ತೆರೆದ ಮಾದಾವರ ನಿಲ್ದಾಣದವರೆಗೆ ಹೋದೆ. ನ್ಯಾಷನಲ್ ಕಾಲೇಜು ದಾಟಿ ರೈಲು ಸುರಂಗಕ್ಕಿಳಿದಾಗ ಕಿಟಕಿ ಕಪ್ಪಾಗಿ ನನ್ನ ಮುಖವೇ ಕಾಣುತ್ತಿತ್ತು, ಕಿವಿಯಲ್ಲಿ ಆ ತಂದೆ ಗುಡುಗುತ್ತಿದ್ದ. ನಾಗಸಂದ್ರದ ನಂತರ ಡಬ್ಬಿಯಲ್ಲಿ ಉಳಿದವರು ನಾಲ್ಕೈದು ಜನ. ಕೊನೆಯ ಹಾಡಿನಲ್ಲಿ ಗ್ರೌಲ್ ಇಲ್ಲ. ಓಕರ್‌ಫೆಲ್ಟ್ ಮೆಲ್ಲಗೆ, ಬಿಡಿಬಿಡಿಯಾಗಿ ಹಾಡುತ್ತಾರೆ, ಆಮೇಲೆ ಗಿಟಾರ್ ಸೋಲೋ ಬಂದು ಅದೇ ಕೊನೆಯವರೆಗೆ ಸಾಗುತ್ತದೆ. ಅದು ಇನ್ನೂ ಅರ್ಧದಲ್ಲಿದ್ದಾಗ ಮಾದಾವರ ಬಂತು. ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಉಳಿದದ್ದನ್ನು ಕೇಳಿ ಮುಗಿಸಿದೆ.