18 ಮೆಟ್ಟಿಲು

ಇವತ್ತು ಮೂರನೇ ಸಲ. ಬದಿಯಡ್ಕದಿಂದ ಸರಕಾರಿ ಆಫೀಸಿಗೆ ರಿಕ್ಷಾ ಮಾಡಿಕೊಂಡು ಹೋದರೆ, ಅಂಗವಿಕಲರ ಪಿಂಚಣಿ ಅರ್ಜಿ ತೆಗೆದುಕೊಳ್ಳುವವರು ಕೂತಿರುವುದು ಮಹಡಿಯಲ್ಲಿ! 18 ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ನಡೆಯಲಾಗದವರು ಹತ್ತುವುದು ಹೇಗೆ ಮಾರಾಯ್ರೆ? ಊರುಗೋಲು ಕೆಳಗಿಟ್ಟು ಕೂತು ಕೂತೇ ಹತ್ತಿದೆ. ಅಂಗೈಯೆಲ್ಲ ಕೆಂಪು ಧೂಳು.

ಕೊಟ್ಟ ಫಾರಂ ಪೂರಾ ಮಲಯಾಳದಲ್ಲಿ. ಕಾಸರಗೋಡಿನಲ್ಲಿ ಕನ್ನಡದ ಫಾರಂ ಕೇಳುವುದೂ ತಪ್ಪಾ? ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಶೇ. 40 ಮೀರಿದ ವೈಕಲ್ಯ ಅಂತ ಮೆಡಿಕಲ್ ಬೋರ್ಡ್ ಕೊಟ್ಟ ಸರ್ಟಿಫಿಕೇಟ್, ಎಲ್ಲ ಇತ್ತು. ಈಗ ಆದಾಯದ ಸರ್ಟಿಫಿಕೇಟ್ ಹಳತಾಯಿತಂತೆ, ವಿಲೇಜ್ ಆಫೀಸಿಗೆ ಹೋಗಬೇಕಂತೆ. ಮೊದಲೆರಡು ಸಲ ಇದನ್ನು ಹೇಳಲು ಬಾಯಿರಲಿಲ್ಲವಾ?

ಸರಕಾರಿ ಕಟ್ಟಡ ನಮ್ಮಂಥವರೂ ಹೋಗುವಂತಿರಬೇಕೆಂದು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೇ ಇದೆ. ಯಾರಿಗಾಗಿ ಬರೆದರು ಅದನ್ನು?