ಡೆಲ್ ಬಾಯ್‌ಗೂ ಮೊದಲಿನ ಡೇವಿಡ್ ಜೇಸನ್

ಬ್ರಿಟಿಷ್ ನಟ ಡೇವಿಡ್ ಜೇಸನ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್. ಆದರೆ ಅವರು 1981ರಲ್ಲಿ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಎಂಬ ಟಿವಿ ಹಾಸ್ಯ ಧಾರಾವಾಹಿಯ ನಾಯಕ ಡೆಲ್ ಬಾಯ್ ಆಗಿಯೇ ಹುಟ್ಟಿಬಂದರೇನೋ ಅನ್ನೋ ಹಾಗೆ ಬರೆದಿದ್ದೀರಿ. ಅಷ್ಟೊತ್ತಿಗೆ ಅವರಿಗೆ ನಲವತ್ತು ದಾಟಿತ್ತು!

ಉತ್ತರ ಲಂಡನ್ನಿನ ಎಡ್ಮಂಟನ್‌ನವರು, 1940ರಲ್ಲಿ ಹುಟ್ಟಿದವರು. ಅಪ್ಪ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಹಮಾಲಿ. ಮಗ ಎಲೆಕ್ಟ್ರಿಷಿಯನ್ ಕೆಲಸ ಮಾಡಿಕೊಂಡೇ ಹವ್ಯಾಸಿ ನಾಟಕಕ್ಕೆ ಹೋಗುತ್ತಿದ್ದರು. ನಿಜವಾದ ಹೆಸರು ಡೇವಿಡ್ ವೈಟ್. ನಟರ ಸಂಘದಲ್ಲಿ ಆ ಹೆಸರಿನವರು ಆಗಲೇ ಒಬ್ಬರಿದ್ದರಿಂದ ಜೇಸನ್ ಆದರು.

ನೀವು ಬಿಟ್ಟಿರುವ ಎಪ್ಪತ್ತರ ದಶಕವೇ ನನ್ನ ಪ್ರಕಾರ ಅಸಲಿ ಪಾಠಶಾಲೆ. ‘ಪಾರಿಜ್’ ಎಂಬ ಜೈಲಿನ ಹಾಸ್ಯ ಧಾರಾವಾಹಿಯಲ್ಲಿ ನೋಡಿ, ಮೂವತ್ತೈದರ ಆಸುಪಾಸಿನ ಮನುಷ್ಯ ನರೆಗೂದಲು ಮೆತ್ತಿಕೊಂಡು ಮುದಿ ಕೈದಿ ಬ್ಲಾಂಕೊ ಆಗಿದ್ದಾರೆ. ‘ಓಪನ್ ಆಲ್ ಅವರ್ಸ್’ ಧಾರಾವಾಹಿಯಲ್ಲಿ ಅದೇ ಆಸಾಮಿ, ಕಂಜೂಸ್ ಅಂಗಡಿ ಮಾವನ ಕೈಕೆಳಗೆ ಸೈಕಲ್ಲಿನಲ್ಲಿ ಸಾಮಾನು ಸಾಗಿಸುವ ಹುಡುಗ! ಎರಡರಲ್ಲೂ ಎದುರಿಗಿದ್ದದ್ದು ಹಾಸ್ಯ ದಿಗ್ಗಜ ರಾನಿ ಬಾರ್ಕರ್. ಅಂಥವರ ಮುಂದೆ ಮಾತಿಲ್ಲದೆ ಬರೀ ಮುಖದಲ್ಲೇ ನಗಿಸೋದು ಸುಮ್ಮನೆ ಮಾತಲ್ಲ.

ಎರಡನೇ ಭಾಗ ಬರೆದರೆ ಅವರು ಪತ್ತೇದಾರನಾಗಿ ನಟಿಸಿದ ಟಿವಿ ಧಾರಾವಾಹಿ ‘ಎ ಟಚ್ ಆಫ್ ಫ್ರಾಸ್ಟ್’ ಮರೆಯಬೇಡಿ.