ಸಮುದ್ರಕ್ಕೆ ಹೋಗಿ ಪೋಲಾದ ಕೋಲಾರದ ಫ್ಯಾಮಿಲಿ

ನಮ್ಮ ಕೋಲಾರ ಜಿಲ್ಲೇಲಿ ಸಮುದ್ರಕ್ಕೇನೂ ಬರ ಇಲ್ಲ. ಬಂಗಾರಪೇಟೆ ದಾಟಿದ್ರೆ ಕಾಮಸಮುದ್ರ, ಕೋಲಾರ ತಾಲ್ಲೂಕಲ್ಲೇ ಲಕ್ಷ್ಮೀಸಾಗರ, ಬೇತಮಂಗಲದ ಕಡೆ ರಾಮಸಾಗರ, ಇಷ್ಟು ಸಾಲ್ದು ಅಂತ ಸೋಮಾಂಬುಧಿ ಅಗ್ರಹಾರ ಬೇರೆ, ಅಂಬುಧಿ ಅಂದ್ರೂ ಸಮುದ್ರಾನೇ ತಾನೆ. ಹಳೇ ಕಾಲದೋರು ಕೆರೆ ಕಟ್ಟಿಸಿ ಹೆಸರಿಡೋವಾಗ ಧಾರಾಳವಾಗಿದ್ರು, ಅವರ ಕಾಲಕ್ಕೆ ತುಂಬ್ತಾನೂ ಇದ್ವೇನೋ. ನಮ್ಮ ಕಾಲಕ್ಕೆ ಹೆಸರು ಉಳೀತು. ಅದಕ್ಕೇ ಐದನೇ ಕ್ಲಾಸ್ ಓದೋ ನನ್ನ ಮಗ ಈ ಬೇಸಿಗೆ ರಜದಲ್ಲಿ ಕೇಳಿದ್ದು, "ಅಪ್ಪ, ನಿಜವಾದ ಸಮುದ್ರದಲ್ಲೂ ಜಾಲಿ ಗಿಡ ಇರ್ತವಾ?"

ಆವತ್ತೇ ಡಿಸೈಡ್ ಮಾಡ್ದೆ, ಮಕ್ಕಳಿಗೆ ಸಮುದ್ರ ತೋರಿಸ್ಲೇಬೇಕು ಅಂತ. ನನಗೂ ಒಂದು ಸ್ವಂತ ಲೆಕ್ಕ ಇತ್ತು ಅನ್ನಿ. ನನಗೆ ಬುದ್ಧಿ ಬಂದಾಗಿಂದ ಎಲೆಕ್ಷನ್ ಬಂದಾಗಲೆಲ್ಲ ಯಾವ ಪಾರ್ಟಿ ಸ್ಟೇಜ್ ಮುಂದೆ ನಿಂತ್ರೂ ಕೇಳೋದು ಒಂದೇ ಡೈಲಾಗು, "ಪಶ್ಚಿಮಕ್ಕೆ ಹರಿಯೋ ನದಿಗಳ ನೀರು ಸುಮ್ನೆ ಸಮುದ್ರ ಸೇರಿ ಪೋಲಾಗ್ತಿದೆ, ಅದನ್ನ ತಿರುಗಿಸಿ ತಂದು ನಿಮ್ಮ ಕೆರೆ ತುಂಬಿಸ್ತೀವಿ." ನೀರಾವರಿ ತಜ್ಞ ಪರಮಶಿವಯ್ಯನವರ ವರದಿ ಅಂದ್ರು, ಶಾಶ್ವತ ನೀರಾವರಿ ಅಂದ್ರು, ಆಮೇಲೆ ಸಕಲೇಶಪುರದ ಕಡೆಯ ಎತ್ತಿನಹೊಳೆ ನೀರು ತರೋ ಯೋಜನೆ ಅಂದ್ರು, 2014ರಲ್ಲಿ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆನೂ ಆಯ್ತು. ಅವತ್ತು ಹುಟ್ಟಿದ ಮಕ್ಕಳು ಈಗ ಮೊಬೈಲ್‌ಗೆ ಜಗಳ ಆಡೋ ವಯಸ್ಸಿಗೆ ಬಂದವೆ, ಹೊಳೆ ಮಾತ್ರ ಇನ್ನೂ ದಾರೀಲೈತೆ. ಹೋಗ್ಲಿ, ಆ ಪೋಲಾಗೋ ನೀರನ್ನ ಪೋಲಾಗೋ ಜಾಗದಲ್ಲೇ ಹೋಗಿ ಒಂದ್ಸಲ ನೋಡ್ಕೊಂಡು ಬರೋಣ ಅನ್ನಿಸ್ತು. ನಮ್ಮ ಕಡೆ ನೀರು ನೋಡೋದೂ ಒಂದು ಟೂರಿಸಮ್ಮೇ ಬಿಡಿ. 2021ರ ನವೆಂಬರಲ್ಲಿ ಮಳೆ ಸುರಿದು ಕೆರೆಗಳು ಕೋಡಿ ಬಿದ್ದಾಗ ಜನ ಚಿತ್ರಾನ್ನ ಕಟ್ಕೊಂಡು ಜೋಗ್ ಫಾಲ್ಸ್‌ಗೆ ಹೋದಂಗೆ ಹೋಗಿ, ಕೋಡಿ ಮುಂದೆ ನಿಂತು, ಹೊಸ ಸೀರೆ ಉಟ್ಕೊಂಡು ಫೋಟೋ ಹೊಡಿಸ್ಕೊಂಡಿದ್ರು. ಇನ್ನು ಈ ಭಾಗದಲ್ಲೇ ಹುಟ್ಟೋ ನದಿಗಳ ಕಥೆ ಕೇಳ್ಬೇಡಿ. ನಂದಿ ಬೆಟ್ಟದ ಸುತ್ತಮುತ್ತ ಪಾಲಾರ್, ಪೆನ್ನಾರ್ ಎಲ್ಲ ಹುಟ್ತವೆ, ಒಂದು ತಮಿಳುನಾಡಿಗೆ, ಇನ್ನೊಂದು ಆಂಧ್ರಕ್ಕೆ, ಡಿಗ್ರಿ ಮುಗಿಸಿದ ನಮ್ಮ ಹುಡುಗರ ಥರ ಊರು ಬಿಟ್ಟು ಹೋಗ್ತವೆ.

ಸರಿ, ನಾನು, ನನ್ನ ಹೆಂಡ್ತಿ, ಎರಡು ಮಕ್ಕಳು, ನಮ್ಮಮ್ಮ, ಜೊತೆಗೆ ಬಾಮೈದ. ನಮ್ಮೂರ ಮುಂದೆ ಹೋಗೋ ನ್ಯಾಷನಲ್ ಹೈವೇ 75 ಹಿಡಿದು ಪಶ್ಚಿಮಕ್ಕೆ ತಿರುಗಿದ್ರೆ ಬೆಂಗಳೂರು ಟ್ರಾಫಿಕ್ಕು, ಹಾಸನ, ಸಕಲೇಶಪುರ ದಾಟಿ ಬಂಟ್ವಾಳದ ತನಕ ಒಂದೇ ರೋಡು. ಬೆಳಗಿನ ಜಾವ ನಾಲ್ಕಕ್ಕೆ ಹೊರಡೋಣ ಅಂದಿದ್ದು ಏಳೂವರೆ ಆಯ್ತು, ಯಾಕಂದ್ರೆ ಅಮ್ಮ ಇಪ್ಪತ್ತು ಲೀಟರ್ ಖಾಲಿ ಕ್ಯಾನ್ ಡಿಕ್ಕಿಗೆ ಹಾಕ್ಲೇಬೇಕು ಅಂತ ಹಠ ಹಿಡಿದ್ರು. ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ತರ್ತೀವಲ್ಲ, ಅದೇ ಕ್ಯಾನು, ಮುಚ್ಚಳ ಸಡಿಲ ಆಗಿರೋದು. "ಅಷ್ಟು ದೂರ ನೀರಿರೋ ಕಡೆ ಹೋಗ್ತಾ ಐದೀವಿ, ಬರಿಗೈಲಿ ಬರೋಕಾಗ್ತದೇನೋ?" ಅಂದ್ರು. ಎರಡು ಕೆಜಿ ರಾಗಿ ಹಿಟ್ಟು ಬೇರೆ ಬ್ಯಾಗಲ್ಲಿ ಸೇರಿಸಿದ್ರು, ಅದು ಗೊತ್ತಾಗಿದ್ದು ನೆಲಮಂಗಲ ದಾಟಿದ ಮೇಲೆ.

ಸಕಲೇಶಪುರದ ಆಚೆ ಎತ್ತಿನಹೊಳೆ ಯೋಜನೆಯ ಆಳೆತ್ತರದ ಕಬ್ಬಿಣದ ಪೈಪು ಕಂಡ್ವು. ಬಾಮೈದ ಕಾರಿಂದ ತಲೆ ಹೊರಗೆ ಹಾಕಿ ನೋಡಿ, "ಭಾವ, ಇದ್ರೊಳಗೆ ನಡ್ಕೊಂಡೇ ವಾಪಸ್ ಹೋದ್ರೂ ನೀರಿಗಿಂತ ಮುಂಚೆ ಕೋಲಾರ ಮುಟ್ತೀವಿ" ಅಂದ. ಹಂಗೆಲ್ಲ ಅನ್ಬಾರ್ದು. 2024ರ ಗೌರಿ ಹಬ್ಬದ ದಿನ ಅಲ್ಲೇ ಮೋಟರ್ ಆನ್ ಮಾಡಿ, ಪೂಜೆ ಮಾಡಿ, ಮೊದಲ ಹಂತ ಉದ್ಘಾಟನೆ ಆಗೋಗಿದೆ, ಪೇಪರಲ್ಲಿ ಫುಲ್ ಪೇಜ್ ಬಂದಿತ್ತು. ಆದ್ರೆ ಮುಂದಿನ ಕಾಲುವೆ ರೆಡಿ ಇರ್ಲಿಲ್ಲ, ಅದಕ್ಕೆ ಎತ್ತಿದ ನೀರನ್ನ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಕಡೆ ಬಿಟ್ರು. ಮದುವೆ ಊಟ ಬಡಿಸೋಕೆ ಶುರು ಮಾಡಿದ್ದಾರೆ, ನಮ್ಮ ಪಂಕ್ತಿ ಯಾವುದೋ ಗೊತ್ತಿಲ್ಲ ಅಷ್ಟೇ.

ಶಿರಾಡಿ ಘಾಟಿ ಇಳಿದು, ಹೊಳೆ ಪಕ್ಕಪಕ್ಕದಲ್ಲೇ ಬಂದು, ಸಂಜೆ ಹೊತ್ತಿಗೆ ಮಂಗಳೂರು. ಎತ್ತಿನಹೊಳೆನೂ ಇದೇ ದಾರೀಲೇ ಬರೋದು, ಗುಂಡ್ಯ ಹೊಳೆ ಸೇರಿ, ಕುಮಾರಧಾರ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಸಮುದ್ರಕ್ಕೆ. ಟೋಲ್ ಕಟ್ಟಲ್ಲ ಅನ್ನೋದೊಂದೇ ವ್ಯತ್ಯಾಸ.

ಲಾಡ್ಜ್ ಮುಂದೆ ಗಾಡಿ ನಿಲ್ಲಿಸಿದ್ರೆ ಗೇಟಲ್ಲಿ ಏನು ನಿಂತಿತ್ತು ಹೇಳಿ? ನೀರಿನ ಟ್ಯಾಂಕರು. ಅದೇ ಹಸಿರು ಪೈಪು, ಅದೇ ಸೋರೋ ವಾಲ್ವು, ವಾಲ್ವ್ ಕೆಳಗೆ ಅದೇ ಹಳೇ ಬಕೆಟ್ಟು. ಅಮ್ಮ ಅದನ್ನ ನೋಡಿ ತವರು ಮನೆಗೆ ಬಂದಂಗೆ ಮುಖ ಅರಳಿಸಿದ್ರು. ರೂಮಿನ ಬಾತ್‌ರೂಮ್ ಬಾಗಿಲ ಮೇಲೆ ಲ್ಯಾಮಿನೇಷನ್ ಮಾಡಿ ಅಂಟಿಸಿದ್ರು, "ದಯವಿಟ್ಟು ನೀರನ್ನು ಮಿತವಾಗಿ ಬಳಸಿ." ಕಿಟಕಿ ತೆಗೆದ್ರೆ ಕಣ್ಣು ಹಾಯೋ ತನಕ ನೀರು, ನಲ್ಲಿ ತಿರುಗಿಸಿದ್ರೆ ಬರೀ ಗಾಳಿ. ರಿಸೆಪ್ಷನ್ ಹುಡುಗನ್ನ ಕೇಳಿದ್ದಕ್ಕೆ ಮಂಗಳೂರಿಗೆ ನೀರು ಕೊಡೋ ತುಂಬೆ ಡ್ಯಾಮಲ್ಲಿ ನೀರು ಕಮ್ಮಿ ಆಗಿದೆ, ಬೇಸಿಗೇಲಿ ಹೀಗೇ, ರೇಷನಿಂಗ್ ಅಂದ. ನಮ್ಮ ಕಡೆ ವರ್ಷಕ್ಕೆ ಬೀಳೋ ಮಳೆ 700 ಮಿಲಿಮೀಟರ್ ಚಿಲ್ಲರೆ, ಅಲ್ಲಿ ಮೂರೂವರೆ ಸಾವಿರದ ಹತ್ರ, ಟ್ಯಾಂಕರ್ ಮಾತ್ರ ಇಬ್ಬರಿಗೂ ಒಂದೇ ಕಲರ್ರು. ನನ್ನ ಹೆಂಡ್ತಿ ತಕ್ಷಣ ಊರಲ್ಲಿ ಮಾಡೋ ಹಂಗೆ ಎರಡು ಬಕೆಟ್ ತುಂಬಿಸಿಟ್ಟು, ಒಬ್ಬೊಬ್ಬರಿಗೆ ಎಷ್ಟು ಮಗ್ ಅಂತ ಹೇಳಿ, "ರೀ, ಇದಕ್ಕೆ ನಾನೂರು ಕಿಲೋಮೀಟರ್ ಬರ್ಬೇಕಾಗಿತ್ತಾ?" ಅಂದ್ಲು.

ಬೆಳಗ್ಗೆ ಬೀಚು. ಅಲೆ ಬಂತು, ದಡಕ್ಕೆ ಬಿಳೀ ನೊರೆ ಹರಡ್ತು, ನನ್ನ ಮಗಳು ಎಲ್ಲರಿಗೂ ಕೇಳೋ ಹಂಗೆ ಕಿರುಚಿದ್ಲು, "ಅಪ್ಪಾ, ಕೆಸಿ ವ್ಯಾಲಿ ನೀರು!"

ಅವಳ ತಪ್ಪಿಲ್ಲ, ನಮ್ಮೂರಿನ ಮಕ್ಕಳಿಗೆ ಅದೇ ಸಮುದ್ರ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಬೆಂಗಳೂರಿನೋರು ಬಳಸಿ, ತೊಳೆದು, ಫ್ಲಶ್ ಮಾಡಿ ಬಿಟ್ಟ ನೀರನ್ನ ಕೋರಮಂಗಲ ಚಲ್ಲಘಟ್ಟದಲ್ಲಿ ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ನಮ್ಮ ಜಿಲ್ಲೆ ಕಡೆಯ 126 ಕೆರೆಗೆ ಬಿಡೋ ಯೋಜನೆ ಅದು. 2018ರಲ್ಲಿ ಮೊದಲ ಸಲ ಲಕ್ಷ್ಮೀಸಾಗರ ಕೆರೆಗೆ ಬಂತು, ಜನ ಕುಣಿದಾಡಿದ್ರು, ನಾನೂ ಹೋಗಿದ್ದೆ ಸುಳ್ಳು ಹೇಳಲ್ಲ. ಒಂದು ತಿಂಗಳು ಕಳೆಯೋದ್ರೊಳಗೆ ಕೆರೆ ಮೇಲೆ ನೊರೆ, ಸೋಪಿನ ಜಾಹೀರಾತು ತೋರಿಸ್ತಾರಲ್ಲ ಹಂಗೆ, ವಿಷಯ ಹೈಕೋರ್ಟ್ ತನಕ ಹೋಯ್ತು. ಅಂತರ್ಜಲ ಏನೋ ಏರಿದೆ, ಬೋರ್‌ವೆಲ್‌ಗೆ ಜೀವ ಬಂದಿದೆ, ಅದನ್ನ ಇಲ್ಲ ಅಂದ್ರೆ ನಾಲಿಗೆ ಬಿದ್ದೋಗುತ್ತೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಸ್ವಾಮಿ ಅಂತ ಕೇಳಿ ಕೇಳಿ ನಮ್ಮ ರೈತ ಸಂಘದೋರ ಹಸಿರು ಟವೆಲ್ ಬಣ್ಣ ಮಾಸಿದೆ. ನನಗೆ ಹೊಟ್ಟೆ ಹುಣ್ಣಾಗೋ ಹಂಗೆ ನಗು ಬರೋದು ಬಾಗಿನಕ್ಕೆ. ಕೆರೆ ತುಂಬಿದ್ರೆ ಗಂಗಮ್ಮನಿಗೆ ಬಾಗಿನ ಬಿಡ್ಬೇಕು, ಪದ್ಧತಿ, ಸರಿ. ಆದ್ರೆ ರೇಷ್ಮೆ ಸೀರೆ, ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ ಇಟ್ಟು, ಮೊರ ಮುಚ್ಚಿ, ಪುರೋಹಿತರ ಮಂತ್ರದ ಜೊತೆ ಬಿಡೋದು ಯಾವುದಕ್ಕೆ? ಯಾವುದೋ ಅಪಾರ್ಟ್‌ಮೆಂಟಿನ ನಾಲ್ಕನೇ ಫ್ಲೋರಿನ ಬಾತ್‌ರೂಮಿಗೆ! ಫೋಟೋಗೆ ನಿಂತ ಮುಖಂಡರು ಒಂದು ಬೊಗಸೆ ತೀರ್ಥ ತಗೊಂಡಿದ್ದನ್ನ ಮಾತ್ರ ನಾನಂತೂ ಎಲ್ಲೂ ನೋಡಿಲ್ಲ, ಅವರ ಟೇಬಲ್ ಮೇಲೆ ಬಾಟಲ್ ನೀರೇ ಇರ್ತದೆ.

ಮಾರನೇ ದಿನ ಮಲ್ಪೆ, ಅಲ್ಲಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪ. ಕೋಟ್ಯಂತರ ವರ್ಷದ ಹಿಂದೆ ಲಾವಾ ಆರಿ ಕಂಬ ಕಂಬ ಆಗಿರೋ ಕಲ್ಲುಗಳು, ಯಾರೋ ಜೋಡಿಸಿಟ್ಟಂಗೆ. ನಮ್ಮ ಬಾಮೈದ ಅದನ್ನ ನೋಡಿ ಒಂದು ಲೋಡಿಗೆ ಎಷ್ಟಾಗ್ಬೋದು ಅಂದ, ಕೋಲಾರದೋನಿಗೆ ಕಲ್ಲು ಕಂಡ್ರೆ ಕ್ವಾರಿನೇ ಜ್ಞಾಪಕ ಬರೋದು. ಡಾಲ್ಫಿನ್ ಕಾಣ್ಬೋದು ಅಂತ ಬೋಟಿನವನು ಆಸೆ ಹುಟ್ಟಿಸಿದ್ದ, ಮಕ್ಕಳು ಕಣ್ಣು ಮಿಟುಕಿಸದೆ ಕೂತಿದ್ವು, ಕಂಡಿದ್ದು ಮೀನು ಕಿತ್ಕೊಳ್ಳೋಕೆ ಸುತ್ತೋ ಗರುಡ, ಒಂದು ಚಿಪ್ಸ್ ಪ್ಯಾಕೆಟ್ಟು. ಅಷ್ಟರಲ್ಲಿ ಬೋಟಿನವನು ಯಾವೂರು ಅಂತ ಕೇಳ್ದ. ಕೋಲಾರ ಅಂದಿದ್ದೇ ತಡ, ಮುಖ ಗಂಟಿಕ್ಕಿದ.

"ಓ, ನೀವಾ ನಮ್ಮ ನೇತ್ರಾವತಿ ತಕೊಂಡು ಹೋದದ್ದು?"

"ಅಯ್ಯೋ ನಮಗೆಲ್ಲಿ ಬಂತಣ್ಣ?"

"ಎಂತ ಮಾರಾಯ್ರೆ, ಬರ್ಲಿಲ್ವಾ? ಹಾಗಾದ್ರೆ ಅಷ್ಟು ದುಡ್ಡು ಎಲ್ಲಿಗೆ ಹೋದದ್ದು? ಇಲ್ಲಿ ನಾವು ನದಿ ಹೋಯ್ತು ಅಂತ ರಸ್ತೆಯಲ್ಲಿ ಕೂತು ಗಲಾಟೆ ಎಲ್ಲ ಮಾಡಿದ್ದು ಉಂಟು."

"ನಾವೂ ಅಲ್ಲಿ ನದಿ ಬರ್ಲಿಲ್ಲ ಅಂತ ರೋಡಲ್ಲೇ ಕೂತಿದ್ವಿ ಕಣಣ್ಣ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ನಾದ್ವಿ. ವಾಪಸ್ ಬರೋವಾಗ ಅವನೇ ಅಮ್ಮನ ಕೈ ಹಿಡಿದು ಇಳಿಸ್ದ.

ಊಟದ ವಿಷಯಕ್ಕೆ ಬಂದ್ರೆ, ಅಮ್ಮಂಗೆ ನೀರ್ ದೋಸೆ ಹಿಡಿಸ್ತು, "ಹೆಸರಲ್ಲಾದ್ರೂ ನೀರೈತೆ" ಅಂತ ನಾಲ್ಕು ತಿಂದ್ರು. ರಾತ್ರಿ ಒಂದು ಫಿಶ್ ಹೋಟೆಲ್‌ಗೆ ಹೋದ್ವಿ. ಮೆನು ಕಾರ್ಡಲ್ಲಿ ಬಂಗುಡೆಗೆ ರೇಟ್ ಇತ್ತು, ಕೋರಿ ರೊಟ್ಟಿಗೆ ಇತ್ತು, ಅಂಜಲ್ ತವಾ ಫ್ರೈ ಮುಂದೆ ಮಾತ್ರ "ಸೈಜ್ ಪ್ರಕಾರ" ಅಂತ ಬರೆದಿದ್ರು. ಬಾಮೈದ ಸ್ಟೈಲಾಗಿ ಎರಡು ಆರ್ಡರ್ ಮಾಡ್ದ. ಬಿಲ್ ಬಂದಾಗ ನನಗೆ ಎತ್ತಿನಹೊಳೆ ಅಂದಾಜು ಪಟ್ಟಿನೇ ಕಣ್ಮುಂದೆ ಬಂತು. ಅದೂ ಮೊದಲು 8,323 ಕೋಟಿ ಇತ್ತು, ಆಮೇಲೆ 12,912 ಕೋಟಿ, ಆಮೇಲೆ 23,251 ಕೋಟಿ, ನೀರು ಮಾತ್ರ ಅದೇ 24 ಟಿಎಂಸಿ. ಆ ಯೋಜನೆಗೂ ಯಾರೋ ಸೈಜ್ ಪ್ರಕಾರ ಅಂತಾನೇ ಆರ್ಡರ್ ಕೊಟ್ಟಿರ್ಬೇಕು. ಸಪ್ಲೈಯರ್‌ಗೆ ಅಮ್ಮ ರಾಗಿ ಹಿಟ್ಟು ತೋರಿಸಿ, "ಒಂದು ಮುದ್ದೆ ತೊಳಸಿ ಕೊಡಪ್ಪ, ಬಂಗುಡೆ ಸಾರಿಗೆ ಚೆನ್ನಾಗಿರ್ತದೆ" ಅಂತ ಕೇಳೇಬಿಟ್ರು. ಪಾಪ ಅವನು ಒಳಗೆ ಹೋಗಿ ಭಟ್ಟರನ್ನ ಕರ್ಕೊಂಡು ಬಂದ, ಭಟ್ಟರು ಹಿಟ್ಟನ್ನ ಮೂಸಿ ನೋಡಿ ಇದು ಬರುದಿಲ್ಲ ಅಮ್ಮ ಅಂತ ಕೈ ಮುಗಿದ್ರು.

ಕೊನೇ ದಿನ ಪಿಲಿಕುಳದ ಪ್ರಾಣಿ ಸಂಗ್ರಹಾಲಯ. ಹುಲಿ ನೀರಿನ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿ ಕಣ್ಮುಚ್ಚಿ ಕೂತಿತ್ತು. ನನ್ನ ಹೆಂಡ್ತಿ ಹತ್ತು ನಿಮಿಷ ಕದಲದೆ ಅದನ್ನೇ ನೋಡಿದ್ಲು, ಹುಲಿನ ಅಲ್ಲ, ತೊಟ್ಟಿನ. ಅಮ್ಮಂಗೆ ಪ್ರಾಣಿಗಳ ಮೇಲೆ ಅಷ್ಟೇನೂ ಆಸಕ್ತಿ ಬರ್ಲಿಲ್ಲ, ಕಾಮಸಮುದ್ರದ ಕಡೆ ನಮ್ಮ ಸಂಬಂಧಿಕರ ಟೊಮೇಟೊ ತೋಟಕ್ಕೆ ಆನೆಗಳು ಟಿಕೆಟ್ ಇಲ್ದೆ ಬಂದು ಹೋಗ್ತವೆ.

ವಾಪಸ್ ಬರ್ತಾ ಗುಂಡ್ಯದ ಹತ್ರ ಅಮ್ಮ ಗಾಡಿ ನಿಲ್ಲಿಸು ಅಂದ್ರು. ಸಮುದ್ರದ ನೀರು ಉಪ್ಪು, ಅದಕ್ಕೇ ಅಲ್ಲಿ ಕ್ಯಾನ್ ತೆಗೆದಿರ್ಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಮೈದನ ಕೈ ಹಿಡ್ಕೊಂಡು ಹೊಳೆಗಿಳಿದು, ಒಂದು ಚೂರು ಅರಿಶಿನ ಹಾಕಿ, ಇಪ್ಪತ್ತು ಲೀಟರ್ ತುಂಬಿಸಿದ್ರು. ಘಾಟಿ ಹತ್ತೋವಾಗಲೇ ಮುಚ್ಚಳದಿಂದ ಸೋರೋಕೆ ಶುರು. ಸಕಲೇಶಪುರದಲ್ಲಿ ಬಟ್ಟೆ ಸುತ್ತಿದ್ವಿ, ಹಾಸನದಲ್ಲಿ ಪ್ಲಾಸ್ಟಿಕ್ ಕವರ್ ಕಟ್ಟಿದ್ವಿ, ಕುಣಿಗಲ್ ಹತ್ರ ಮಗನಿಗೆ ಬಾಯಾರಿಕೆ ಅಂತ ಅಳೋಕೆ ಶುರು ಮಾಡ್ದ, ಅದನ್ನ ಮುಟ್ಬೇಡ ಅಂತ ಬೈದು ಇಪ್ಪತ್ತು ರೂಪಾಯಿ ಬಾಟಲ್ ಕೊಡಿಸಿದ್ವಿ. ಬೆಂಗಳೂರು ಟ್ರಾಫಿಕ್ಕಲ್ಲಿ ಎರಡು ಗಂಟೆ ನಿಂತ್ವಿ, ಅಲ್ಲೂ ಒಂದಷ್ಟು ಹೋಯ್ತು.

ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದಾಗ ಕ್ಯಾನ್ ತಳದಲ್ಲಿ ಎರಡು ಲೀಟರ್ ಇತ್ತೇನೋ. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು, ಸಂಪ್ ಮುಚ್ಚಳ ತೆಗೆಸಿ, ಅದನ್ನ ಒಳಕ್ಕೆ ಸುರಿದು, ಎರಡು ಕೈಯೆತ್ತಿ ಮುಗಿದ್ರು. ಬಾಮೈದ ವಿಡಿಯೋ ಮಾಡ್ಕೊಂಡ. ಮಗ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡ್ದ.

"ಅಪ್ಪ, ಎಲ್ಲಿ? ಕಾಣಿಸ್ತಾನೇ ಇಲ್ಲ."

ನನ್ನ ಹೆಂಡ್ತಿ ಒಳಗೆ ನಿಂತು ಟ್ಯಾಂಕರ್‌ನವನಿಗೆ ಫೋನ್ ಮಾಡ್ತಿದ್ಲು.